ಖಾಲಿ ಡಬ್ಬಿ ಕೊಡದ ಅಜ್ಜಿ

ಆಗ ನಾನು ಮಕ್ಕಳ ಭೇದಿಯ ಬಗ್ಗೆ ನಡೆಯುತ್ತಿದ್ದ ಒಂದು ಅಧ್ಯಯನದಲ್ಲಿ ಕೆಲಸಕ್ಕಿದ್ದೆ. ವಾರಕ್ಕೊಮ್ಮೆ ಹಡಗಲಿಯಿಂದ ಬಸ್ಸು ಹಿಡಿದು ಇಟ್ಟಿಗಿ ಎಂಬ ಊರಿಗೆ ಹೋಗಿ, ಪಟ್ಟಿಯಲ್ಲಿದ್ದ ಕೂಸುಗಳ ಮಲವನ್ನು ಪುಟ್ಟ ಡಬ್ಬಿಗಳಲ್ಲಿ ಪಡೆದು, ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಬರಬೇಕು. ಬಸ್ಸಿನಲ್ಲಿ ಯಾರಾದರೂ ಪೆಟ್ಟಿಗೆಯಲ್ಲೇನು ಎಂದರೆ ಔಷಧಿ ಎನ್ನುತ್ತಿದ್ದೆ.

ಕುರಿ ಸಾಕುವ ಒಂದು ಮನೆಯಲ್ಲಿ ಹತ್ತು ತಿಂಗಳ ಹೆಣ್ಣು ಕೂಸಿತ್ತು. ತಾಯಿ ಹೊಲಕ್ಕೆ ಹೋಗುತ್ತಿದ್ದುದರಿಂದ ಡಬ್ಬಿಯ ಜವಾಬ್ದಾರಿ ಅಜ್ಜಿಯದು. ಮೊದಲ ವಾರ ಕೂಸು ಏನೂ ಮಾಡಿರಲಿಲ್ಲ. ಅಜ್ಜಿ ನನಗೆ ಚಹಾ ಕೊಟ್ಟು, ಕೂಸಿಗೆ ಬಾಳೆಹಣ್ಣು ತಿನ್ನಿಸಿ, ಬಸ್ಸಿನ ಹೊತ್ತಾಗುವವರೆಗೂ ಕಾದು ಪೇಚಾಡಿಕೊಂಡರು. ಮುಂದಿನ ವಾರದಿಂದ ಡಬ್ಬಿ ತಪ್ಪದೆ ತುಂಬಿರುತ್ತಿತ್ತು. ಆಫೀಸಿನಲ್ಲಿ ನಾನು ಆ ಮನೆಯನ್ನು ಹೊಗಳಿದ್ದೇ ಹೊಗಳಿದ್ದು.

ಮೂರು ತಿಂಗಳಾದ ಮೇಲೆ ಹಿರಿಯ ಡಾಕ್ಟರು ನನ್ನನ್ನು ಕರೆದರು. ಕೂಸಿನ ಮಲದಲ್ಲಿ ಮೂರು ಸಲ ವೈರಸ್ ಸಿಕ್ಕಿದೆ, ಆದರೆ ಅಧ್ಯಯನಕ್ಕೆಂದು ಮೊನ್ನೆ ತೆಗೆದ ಕೂಸಿನ ರಕ್ತದಲ್ಲಿ ಆ ವೈರಸ್ ವಿರುದ್ಧದ ಪ್ರತಿಕಾಯಗಳ ಸುಳಿವೇ ಇಲ್ಲ. ವೈರಸ್ ಬಂದುಹೋದರೆ ದೇಹ ಅದರ ಗುರುತು ಇಟ್ಟುಕೊಳ್ಳಬೇಕಲ್ಲ? ಇಂಥ ಮಗುವನ್ನು ತಾವು ಕಂಡೇ ಇಲ್ಲ ಎಂದರು. ಮರುದಿನ ಇನ್ನಿಬ್ಬರು ಡಾಕ್ಟರುಗಳನ್ನೂ ನನ್ನನ್ನೂ ಕೂರಿಸಿಕೊಂಡು ಜೀಪು ಇಟ್ಟಿಗಿಗೆ ಹೊರಟಿತು.

ಮೂವರು ಡಾಕ್ಟರುಗಳೂ ಕಂಬಳಿಯ ಮೇಲೆ ಕುಳಿತು ಕೂಸಿನ ಹೊಟ್ಟೆ ಮುಟ್ಟಿ ನೋಡಿದರು. ಕೂಸು ಒಬ್ಬರ ಕನ್ನಡಕ ಕಿತ್ತುಕೊಂಡಿತು.

“ಅಜ್ಜಿ, ಡಬ್ಬಿಯೊಳಗ ಇರೋದು ಈ ಕೂಸಿಂದೇ ಹೌದಲ್ರಿ?” ಎಂದು ಹಿರಿಯ ಡಾಕ್ಟರು ಕೇಳಿದರು.

“ಇದು ಮಾಡಿದ್ರ ಇದರದು ಕೊಡ್ತೀನ್ರಿ. ಇಲ್ಲಂದ್ರ ಹಿಂದಿನ ಮನಿ ಕೂಸಿಂದು. ಮೊನ್ನಿ ನಮ್ಮ ಸೊಸಿ ತಂಗಿ ಮಗ ಬಂದಿದ್ದ, ಅವಂಗ ಭೇದಿ ಹತ್ತಿತ್ತು. ಡಬ್ಬಿ ತುಂಬ ಸಿಕ್ತು.”

ಡಾಕ್ಟರುಗಳು ನನ್ನತ್ತ ತಿರುಗಿದರು. ಅಜ್ಜಿ ನನ್ನ ಕಡೆ ಕೈ ತೋರಿಸಿ, “ಈ ಹುಡುಗಿ ಬಸ್ ಹತ್ತಿ ಅಷ್ಟು ದೂರದಿಂದ ಬರ್ತಾಳ. ಬರೇ ಡಬ್ಬಿ ಕೊಟ್ಟು ಹೆಂಗ ಕಳಸ್ಲಿ?” ಎಂದರು.

ನನ್ನ ಕೆಲಸ ಹೋಗಲಿಲ್ಲ. ಆದರೆ ಆ ಮನೆಯಿಂದ ಕಣ್ಣಾರೆ ಕಂಡದ್ದನ್ನೇ ತರಬೇಕೆಂದು ಹುಕುಂ ಆಯಿತು. ವಾರಕ್ಕೊಂದು ದಿನ ಬೆಳಿಗ್ಗೆಯಿಂದ ಕೂಸಿನ ಎದುರು ಕುಳಿತಿರುತ್ತಿದ್ದೆ. ನಾನು ನೋಡುತ್ತಿದ್ದರೆ ಅದು ಮಾಡುತ್ತಿರಲಿಲ್ಲ. ಮುಖ ತಿರುಗಿಸಿದರೆ ಕಣ್ಣಾರೆ ಕಂಡಂತಾಗುತ್ತಿರಲಿಲ್ಲ.

ಚಳಿಗಾಲದಲ್ಲಿ ಕೂಸಿಗೆ ನಿಜವಾಗಿಯೇ ಭೇದಿ ಹತ್ತಿತು. ಕಣ್ಣು ಗುಳಿಬಿದ್ದವು. ಅಜ್ಜಿ ಅಳುತ್ತಿದ್ದರು, ನಾನು ಓಆರ್‌ಎಸ್ ನೀರನ್ನು ಚಮಚ ಚಮಚವಾಗಿ ಕುಡಿಸುತ್ತ ಆಸ್ಪತ್ರೆಯವರೆಗೂ ಜೊತೆಗೆ ಹೋದೆ. ನಾಲ್ಕು ದಿನಕ್ಕೆ ಚೇತರಿಸಿಕೊಂಡಿತು. ಮುಂದಿನ ರಕ್ತಪರೀಕ್ಷೆಯಲ್ಲಿ ಆ ವೈರಸ್ ವಿರುದ್ಧದ ಪ್ರತಿಕಾಯಗಳು ಕಂಡವು. ಬೇಸಿಗೆಯಲ್ಲಿ ಅದೇ ವೈರಸ್ ಮತ್ತೆ ಬಂದಾಗ ಎರಡು ಸಲ ಮಲ ತೆಳ್ಳಗಾಯಿತು, ಅಷ್ಟೇ. ಸಂಜೆಗೆ ಕೂಸು ಕುರಿಮರಿಯ ಬಾಲ ಹಿಡಿದು ಓಡಾಡುತ್ತಿತ್ತು.

“ದೇಹಕ್ಕ ಈಗ ಅದರ ಪರಿಚಯ ಐತಿ ಅಜ್ಜಿ, ಮೊದಲಿನಂಗ ಕಾಡಂಗಿಲ್ಲ,” ಎಂದೆ.

“ಪರಿಚಯ ಆದಮ್ಯಾಲೂ ಬರ್ತೈತಂದ್ರ ನಾಚಿಕಿ ಇಲ್ಲ ಅದಕ್ಕ,” ಎಂದರು ಅಜ್ಜಿ.