ಗೊಬ್ಬರದ ಗುಂಡಿಯ ಮೇಷ್ಟ್ರು
ಇಂದ್ರೇಶ್ ಮೇಷ್ಟ್ರ ಸುದ್ದಿ ನಾನು ಮೊದಲು ಕೇಳಿದ್ದು ಹೆತ್ತೂರು ಸಂತೆಯಲ್ಲಿ. 'ಗೊಬ್ಬರದ ಗುಂಡಿ ಕಂಡರೆ ದೇವಸ್ಥಾನ ಕಂಡಂಗೆ ಮಂಡಿಯೂರ್ತಾರೆ ಕಣೆ ಮಾರಾಯ್ತಿ' ಅಂತ ಪಕ್ಕದ ಮನೆ ಮಾದೇವಮ್ಮ ನಕ್ಕಿದ್ದಳು. ಮೂರೇ ದಿನಕ್ಕೆ ಮೇಷ್ಟ್ರು, ತೀರಿಹೋದ ನನ್ನ ಯಜಮಾನರು ಹಿಂದೆ ತೋಡಿದ್ದ ನಮ್ಮ ಗೊಬ್ಬರದ ಗುಂಡಿಗೂ ಬಂದರು. ಕೈಯಲ್ಲಿ ಡಬ್ಬಿ, ಮೊಣಕಾಲಿನ ತನಕ ಸಗಣಿ. ಇಂಬಳ ಕಚ್ಚಿ ರಕ್ತ ಹೀರಿದರೆ 'ಕುಡೀಲಿ ಬಿಡಮ್ಮ, ಅದಕ್ಕೂ ಊಟ ಬೇಕಲ್ಲ' ಅನ್ನೋರು. ಕಾಫಿ ಕೊಟ್ಟರೆ ಆರಿದ ಮೇಲೇ ಕುಡಿಯೋರು, ಮಾತು ಮುಗಿದರೆ ತಾನೆ! ಅವರು ಹುಡುಕುತ್ತಿದ್ದದ್ದು, ಎರಡು ತಲೆ ಹಾವು ಅಂತ ನಾವು ಗುದ್ದಲಿಯಲ್ಲಿ ಕಡಿದು ಹಾಕುತ್ತಿದ್ದ ಹುಳವನ್ನು. ಅದು ಹಾವಲ್ಲವಂತೆ, ಕಾಲಿಲ್ಲದ ಕಪ್ಪೆಯಂಥದ್ದಂತೆ. ನಮ್ಮ ನೆಲ ಆಫ್ರಿಕಾದ ಮಗ್ಗುಲು ಬಿಟ್ಟು ಕೋಟಿಗಟ್ಟಲೆ ವರ್ಷ ಸಮುದ್ರದಲ್ಲಿ ಸರಿದು ಬಂದಾಗ ಅದರ ಹಿರೀಕರು ಈ ಮಣ್ಣಿನಲ್ಲೇ ಕೂತು ಬಂದರಂತೆ. ನೆಲ ಬಂದು ಉತ್ತರದ ದೊಡ್ಡ ನೆಲಕ್ಕೆ ಅಂಟಿದ ಮೇಲೆ ಎಷ್ಟೋ ಪ್ರಾಣಿಗಳು ನಡೆದು ಬಂದವಂತೆ. 'ಹಂಗಾರೆ ಆನೆ?' ಅಂದೆ. 'ಅದೂ ಆಮೇಲೆ ಬಂದಿದ್ದೇ ಕಣಮ್ಮ. ಇದ್ದೋರು, ಬಂದೋರು ಕೂಡಿದ್ದಕ್ಕೇ ಈ ಕಾಡು ಇಷ್ಟು ತುಂಬೈತೆ' ಅಂದರು. ಅರಸೀಕೆರೆ ಕಡೆಯಿಂದ ಮದುವೆಯಾಗಿ ಬಂದ ನನ್ನನ್ನು ಅತ್ತೆ ಸಾಯೋ ತನಕ 'ಎಲ್ಲಿಂದಲೋ ಬಂದೋಳು' ಅಂತಲೇ ಕರೀತಿದ್ದರು. ಐವತ್ತು ವರ್ಷದ ಆ ಮುಳ್ಳನ್ನು ಮೇಷ್ಟ್ರು ತಮಗೇ ಗೊತ್ತಿಲ್ಲದೆ ತೆಗೆದರು, ಅವರ ಹೊಟ್ಟೆ ತಣ್ಣಗಿರಲಿ. ಮಂಡಿನೋವು, ಇನ್ನು ಬೆಟ್ಟ ಹತ್ತೋಕಾಗಲ್ಲ ಅಂತ ಹೇಳಿಹೋಗಲು ಬಂದ ದಿನ, ಡಬ್ಬಿಯನ್ನು ನನ್ನ ಕೈಗಿಟ್ಟು ಕೇಳಿದ್ದು ಒಂದೇ: 'ಗೊಬ್ಬರ ತೆಗೆಯೋವಾಗ ಗುದ್ದಲಿ ಬೇಡಮ್ಮ, ಕೈಯಲ್ಲೇ ತೆಗೀತೀಯಾ?'