ಏಳನೇ ನಂಬರಿನವನಿಗೆ ಮುಟ್ಟದ ಚೀಟಿ

ಮಾಣಿಕಪ್ಪನಿಗೆ ಚೀಟಿ ಮುಟ್ಟದಂತೆ ಮಾಡಿದವನು ನಾನು. ಕಳಿಸಿದ್ದೆ ಎಂದು ಎಲ್ಲರೆದುರು ಸುಳ್ಳು ಹೇಳಿದವನೂ ನಾನೇ. ಮೊದಲನೆಯದಕ್ಕೆ ಹದಿನೈದು ವರ್ಷವಾಯಿತು, ಎರಡನೆಯದಕ್ಕೆ ಹನ್ನೆರಡು. ಈ ಎರಡು ಮಾತುಗಳನ್ನು ಮೊನ್ನೆ ಮೊನ್ನೆಯವರೆಗೆ ಯಾರೆದುರೂ ಆಡದೆ ಬದುಕಿದ್ದೆ — ಬದುಕಿದ್ದೆ ಎನ್ನುವುದಕ್ಕಿಂತ, ತಪ್ಪಿಸಿಕೊಂಡು ಓಡಾಡಿದ್ದೆ.

ಈಗ ಯಾಕೆ ಬರೆಯುತ್ತಿದ್ದೇನೆ? ಪಶ್ಚಾತ್ತಾಪದಿಂದ ಎಂದುಬಿಟ್ಟರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಕೈಗೆ ಲೇಖನಿ ಕೊಟ್ಟದ್ದು ಸಿಟ್ಟು. ಬೀದರಿನ ನಮ್ಮ ಫುಟ್‌ಬಾಲ್ ಮಂಡಳಿಯವರು ಈ ವರ್ಷ ಇನ್ನೊಂದು ನಂಬರನ್ನು ಎತ್ತಿಡಬೇಕೆಂದು ಹೊರಟಿದ್ದಾರೆ. ಎತ್ತಿಡುವುದೆಂದರೆ, ಒಬ್ಬ ಆಟಗಾರನ ಗೌರವಕ್ಕಾಗಿ ಅವನ ಅಂಗಿಯ ನಂಬರನ್ನು ಮುಂದೆ ಯಾರಿಗೂ ಕೊಡದೆ ಇಡುವುದು. ಯಾರ ನಂಬರು? ಸಾಯಗಾಂವದ ಹುಡುಗರು ಗೋಲು ಕಾಯುವ ತಮ್ಮೂರ ಗೋಲಿಯ ಹೆಸರು ಹಿಡಿದು ಕೂತಿದ್ದಾರೆ, ಭಾಲ್ಕಿಯವರು ತಮ್ಮವನದು. ಎರಡೂ ಕಡೆಯವರು ಸರದಿ ಹಚ್ಚಿದವರಂತೆ ನನ್ನ ಮನೆಗೆ ಬರುತ್ತಿದ್ದರು.

"ನೀವು ಹಳಬರು ಇದ್ದೀರಿ ಮಾಸ್ತರ್. ಇಂಥಾ ಮರ್ಯಾದಿಗಿ ಯಾರು ಲಾಯಕ್ ಅಂಬೋದು ನಿಮಗs ಗೊತ್ತರಿ."

ನನ್ನನ್ನು ಕೇಳುತ್ತಿದ್ದರು. ಬೇರೆ ಯಾರನ್ನು ಕೇಳಿದ್ದರೂ ಸಹಿಸುತ್ತಿದ್ದೆ.

ಮಾಣಿಕಪ್ಪನ ಬಗ್ಗೆ ಹೇಳಬೇಕು. ಔರಾದ್ ತಾಲೂಕಿನ ಡಾಬಕಾ ಅವನ ಊರು. ಕಂಡವರ ಹೊಲದಲ್ಲಿ ಕೂಲಿ ಮಾಡುವ ಮನೆತನ. ಔರಾದಿನ ಸಂತೆಯಲ್ಲಿ ಹುಡುಗರು ಬಟ್ಟೆ ಚೆಂಡು ಒದೆಯುವಾಗ ಇವನ ಕಾಲು ನೋಡಿ ಕರೆತಂದವರು ನಮ್ಮ ಉಸ್ತಾದ್ ಹಮೀದ್ ಸಾಹೇಬರು. ಉಸ್ತಾದರು ಸಾಲಿಯಲ್ಲಿ ಕವಾಯತು ಕಲಿಸುತ್ತಿದ್ದರು, ನಾನು ಅದೇ ಸಾಲಿಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಉಸ್ತಾದರು ಒಮ್ಮೆ ಹೈದರಾಬಾದಿಗೆ ಹೋದಾಗ ಅಲ್ಲಿಯವರು ಬೆನ್ನ ಮೇಲೆ ನಂಬರು ಹೊಲಿಸಿಕೊಂಡು ಆಡುವುದನ್ನು ನೋಡಿ ಬಂದು ನಮಗೂ ಹನ್ನೊಂದು ಅಂಗಿ ಹೊಲಿಸಿದ್ದರು. ಉರ್ದು ಅಂಕಿಗಳು, ಬಿಳಿ ಬಟ್ಟೆಯವು. ಮಾಣಿಕಪ್ಪನಿಗೆ ಬಂದದ್ದು ಏಳು. ಉರ್ದುವಿನ ಏಳು ನೆಟ್ಟಗೆ ನಿಲ್ಲಿಸಿದ ಕವೆಗೋಲಿನ ಹಾಗೆ ಕಾಣುತ್ತದೆ. ಅವನು ಓಡುವಾಗ ಆ ಕವೆ ಮೈದಾನದ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ನೋಡಲೆಂದೇ ಜನ ಬರುತ್ತಿದ್ದರು.

ಡಾಬಕಾದಿಂದ ಔರಾದ್, ಔರಾದಿನಿಂದ ಬೀದರ. ಗಾಡಿ ಸಿಕ್ಕರೆ ಗಾಡಿ, ಇಲ್ಲವಾದರೆ ಕಾಲು. ಶುಕ್ರವಾರದ ಆಟಕ್ಕೆ ಬುಧವಾರವೇ ಹೊರಡುತ್ತಿದ್ದ. ಎರಡು ದಿನದ ಕೂಲಿ ಬಿಟ್ಟು, ಜೋಳದ ರೊಟ್ಟಿ ಕಟ್ಟಿಕೊಂಡು. ಬೂಟು ಅವನ ಕಾಲಿಗೆ ಕೊನೆಯವರೆಗೂ ಒಗ್ಗಲಿಲ್ಲ.

ಆಟ ಯಾವತ್ತು ಎಂದು ಅವನಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು. ಮಂಡಳಿಯ ಬರವಣಿಗೆಯೆಲ್ಲ ನನ್ನದೇ. ಬಳೆ ಮಾರುವ ರಸೂಲ್ ಸಾಬ ವಾರವಾರ ಔರಾದಿನ ಸಂತೆಗೆ ಹೋಗುವಾಗ ನನ್ನ ಮನೆ ಮುಂದೆ ನಿಂತು ಚೀಟಿ ಇಸಿದುಕೊಳ್ಳುತ್ತಿದ್ದ. ಸಂತೆಗೆ ಬಂದ ಡಾಬಕಾದವರ ಕೈಯಲ್ಲಿ ಅದು ಮಾಣಿಕಪ್ಪನಿಗೆ ಮುಟ್ಟುತ್ತಿತ್ತು. ಅವನಿಗೆ ಓದಲು ಬಾರದು. ಚೀಟಿ ಬಂತೆಂದರೆ ಬರುವ ಶುಕ್ರವಾರ ಆಟ ಇದೆ ಎಂದರ್ಥ, ಅಷ್ಟೆ.

ನಾನೂ ಆಟಗಾರನೇ — ಹಾಗೆಂದು ಹೇಳಿಕೊಳ್ಳುತ್ತಿದ್ದೆ. ಹನ್ನೊಂದರಲ್ಲಿ ಒಬ್ಬನಲ್ಲ, ಯಾರಾದರೂ ಬಾರದಿದ್ದರೆ ಇಳಿಯುವವನು. ಯಾರೂ ಬಾರದೇ ಇರುತ್ತಿರಲಿಲ್ಲ. ಎರಡು ವರ್ಷ ಗೆರೆಯ ಆಚೆ ಅಂಗಿಗಳನ್ನು ಕಾಯುತ್ತ ಕೂತೆ. ಆ ನಡುವೆ ಮದುವೆಯಾಯಿತು. ಹೆಂಡತಿಯ ಊರು ಭಾಲ್ಕಿ, ಅಲ್ಲಿ ಅವಳಿಗೆ ಮೂವರು ಅಣ್ಣಂದಿರು. ಮಾತಿನ ಭರದಲ್ಲಿ ಅವರ ಮುಂದೆ ಒಂದು ದಿನ ಹೇಳಿಬಿಟ್ಟೆ, ಏಳನೇ ನಂಬರು ನನ್ನದು ಎಂದು. ಯಾಕೆ ಹಾಗೆ ಹೇಳಿದೆನೋ — ಅವರು ಕೇಳಿಯೂ ಇರಲಿಲ್ಲ.

ಅದೇ ಚಳಿಗಾಲ ಹೈದರಾಬಾದಿನಿಂದ ಒಂದು ದೊಡ್ಡ ತಂಡ ಬೀದರಕ್ಕೆ ಆಡಲು ಬರುವುದಾಯಿತು. ನಮ್ಮ ಮಂಡಳಿಗೆ ಅಂಥ ಆಟ ಅದೇ ಮೊದಲು. ಹೆಂಡತಿಯ ಅಣ್ಣಂದಿರು ಹೇಳಿ ಕಳಿಸಿದರು, ತಂಗಿಯ ಗಂಡನ ಆಟ ನೋಡಲು ಗಾಡಿ ಕಟ್ಟಿಕೊಂಡು ಬರುತ್ತೇವೆ ಎಂದು.

ಆ ವಾರ ರಸೂಲ್ ಸಾಬ ಎಂದಿನಂತೆ ಬಂದು ಬಾಗಿಲಲ್ಲಿ ನಿಂತ. ಚೀಟಿ ಬರೆದಾಗಿತ್ತು. ನನ್ನ ಕೋಟಿನ ಒಳಜೇಬಿನಲ್ಲಿತ್ತು.

"ಚೀಟಿ ಅದ ಏನ್ರಿ ಮಾಸ್ತರ್?"

"ಈ ಸಲ ಇಲ್ಲ" ಎಂದೆ.

"ದೊಡ್ಡ ಆಟ ಅದ ಅಂತಾರಲ್ರಿ ಮಂದಿ?"

"ಬ್ಯಾರೆ ಕಡಿಂದ ಹೇಳಿ ಕಳಿಸೇವಿ. ನೀ ಹೋಗು."

ಅವನು ಬಳೆಯ ಪೆಟ್ಟಿಗೆ ಹೆಗಲಿಗೇರಿಸಿ ಹೋದ. ಕರೆಯಬಹುದಿತ್ತು. ಓಣಿಯ ತಿರುವಿನವರೆಗೂ ಅವನು ಕಾಣುತ್ತಿದ್ದ, ಕೂಗಿದ್ದರೆ ಕೇಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಅವನು ತಿರುಗುವುದನ್ನೇ ಕಾದೆ.

ಶುಕ್ರವಾರ ಮಾಣಿಕಪ್ಪ ಬರಲಿಲ್ಲ. ಉಸ್ತಾದರು ಔರಾದಿನ ದಾರಿಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ಏಳರ ಅಂಗಿಯನ್ನು ನನ್ನ ಕೈಗೆ ಕೊಟ್ಟರು. ಅದು ನನಗೆ ದೊಡ್ಡದಾಗುತ್ತಿತ್ತು. ಆಟ ಸಮಸಮ ನಡೆದಿದ್ದಾಗ, ಇನ್ನೇನು ಮುಗಿಯಬೇಕು ಎನ್ನುವಾಗ, ನಮ್ಮ ಕಪ್ತಾನರು ಚೆಂಡನ್ನು ನೇರ ನನ್ನ ಕಾಲಿಗೆ ತಂದುಕೊಟ್ಟರು. ಮುಂದೆ ಗೋಲಿಯೊಬ್ಬನೇ, ಅವನೂ ಆಗಲೇ ಬಿದ್ದಿದ್ದ. ನಾನು ಒದ್ದೆ. ಚೆಂಡು ಕಂಬದ ಆಚೆ ಹೋಯಿತು. ಅಲ್ಲಿಂದ ಅವರು ಒದ್ದ ಅದೇ ಚೆಂಡು ತಿರುಗಿ ಬಂದು ನಮ್ಮ ಗೋಲಿನೊಳಗೆ ಹೋಯಿತು. ಸೋತೆವು.

ಜನ ಬೈದರು. ನನ್ನನ್ನಲ್ಲ, ಮಾಣಿಕಪ್ಪನನ್ನು. "ಶಹರದವ್ರು ಬಂದಾರಂದ್ರ ಹೆದರಿ ಕುಂತ" ಎಂದರು. ನಾನು ಅವನ ಅಂಗಿಯಲ್ಲೇ ನಿಂತು ಅದನ್ನು ಕೇಳಿಸಿಕೊಂಡೆ. ಭಾಲ್ಕಿಯ ಅಣ್ಣಂದಿರಾದರೂ ನೋಡಿದರೇ? ಎತ್ತಿಗೆ ಕಾಲುನೋವೆಂದು ಅವರು ಹೊರಟೇ ಇರಲಿಲ್ಲ. ಯಾರಿಗಾಗಿ ಮಾಡಿದ್ದೆನೋ ಅವರೇ ಬಂದಿರಲಿಲ್ಲ — ಇದನ್ನು ನೆನೆದಾಗ ಇಂದಿಗೂ ಹಲ್ಲು ಕಚ್ಚುತ್ತೇನೆ.

ಮುಂದಿನ ಆಟಕ್ಕೆ ಚೀಟಿ ಕಳಿಸಿದೆ. ಮಾಣಿಕಪ್ಪ ಬಂದ. ಯಾರೂ ಅವನನ್ನು ನೇರವಾಗಿ ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಇನ್ನೂ ಮೂರು ವರ್ಷ ಆಡಿದ, ಒಂದು ಆಟವನ್ನೂ ತಪ್ಪಿಸದೆ. ಆಮೇಲೆ ಒಂದು ಆಟದಲ್ಲಿ ಮೊಣಕಾಲು ತಿರುಚಿ ಬಿದ್ದವನು ಮತ್ತೆ ಓಡಲಿಲ್ಲ. ಅದೇ ವರ್ಷ ಕಪ್ತಾನ ಕಾಶಪ್ಪ ಪಾಟೀಲರೂ ಆಟ ಬಿಟ್ಟರು. ಅವರು ಖಟಕ ಚಿಂಚೋಳಿಯವರು, ಒಳ್ಳೆಯ ಆಟಗಾರರೇ. ಬೀದರ ಕೋಟೆಯ ಆಚೆಗಿದ್ದ ತಮ್ಮ ಬೀಳು ನೆಲವನ್ನು ಮೈದಾನಕ್ಕೆ ಬಿಟ್ಟುಕೊಟ್ಟಿದ್ದರು. ಅವರದು ಐದನೇ ನಂಬರು.

ಉಸ್ತಾದರು ಎಲ್ಲರನ್ನೂ ಸಾಲಿಯ ಪಡಸಾಲೆಯಲ್ಲಿ ಕೂಡಿಸಿದರು. ಒಬ್ಬನ ನಂಬರು ಎತ್ತಿಡೋಣ, ಅದನ್ನು ನೋಡಿ ಮುಂದಿನವರು ಕಲಿಯಲಿ ಎಂದರು. ವಾದ ಹತ್ತಿತು. ಹೆಚ್ಚು ಗೋಲು ಹೊಡೆದವನದು ಎಂದರು ಕೆಲವರು. ಮೈದಾನ ಕೊಟ್ಟವರದು ಎಂದರು ಪಾಟೀಲರ ಕಡೆಯವರು. ಉಸ್ತಾದರು ಎಲ್ಲ ಕೇಳಿ ಹೇಳಿದರು:

"ಗೋಲು ಯಾರ್ ಬೇಕಾದ್ರೂ ಹೊಡೀತಾರ. ನಸೀಬ್ ಇದ್ರ ಮಾಸ್ತರ್ ಸೈತ ಹೊಡೀತಾನ. ಕರದಾಗೆಲ್ಲ ಬಂದವ ಯಾರು, ಅದು ಹೇಳ್ರಿ."

ಎಲ್ಲರೂ ನಕ್ಕು ಮಾಣಿಕಪ್ಪನ ಕಡೆ ನೋಡಿದರು. ಅವನು ಕಂಬಕ್ಕೆ ಒರಗಿ, ನೋವಿನ ಕಾಲು ಚಾಚಿ ಕೂತಿದ್ದ. ಆಗ ಪಾಟೀಲರ ಕಡೆಯವನೊಬ್ಬ, "ಶಹರದ ಆಟಕ್ಕ ಬಂದಿದ್ದನೇನ್ರಿ ಉಸ್ತಾದ್?" ಎಂದ. ನಗು ನಿಂತಿತು.

"ಯಾಕ ಬರಲಿಲ್ಲ ಮಾಣಿಕ್?" ಎಂದರು ಉಸ್ತಾದರು. ಮೂರು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.

"ನನಗ ಚೀಟಿ ಮುಟ್ಟಲಿಲ್ರಿ."

ಉಸ್ತಾದರು ನನ್ನತ್ತ ತಿರುಗಿದರು. "ಮಾಸ್ತರ್, ಕಳಿಸಿದ್ರಿ?"

ಮಾಣಿಕಪ್ಪನೂ ನನ್ನನ್ನು ನೋಡಿದ. ಬೇಡುವ ನೋಟವಲ್ಲ, ಸುಮ್ಮನೆ — ಚೆಂಡು ನಿನ್ನ ಕಾಲಲ್ಲಿದೆ, ಏನು ಮಾಡುತ್ತೀ ನೋಡೋಣ ಎನ್ನುವ ಹಾಗೆ. ಹೊರಗೆ ಯಾರೋ ಕುದುರೆಗೆ ನೀರು ಕುಡಿಸುತ್ತ ಸಿಳ್ಳೆ ಹಾಕುತ್ತಿದ್ದರು. ಇಲ್ಲ ಎಂದಿದ್ದರೆ ಏನಾಗುತ್ತಿತ್ತು? ಉಸ್ತಾದರು ಬೈಯುತ್ತಿದ್ದರು, ನಾಲ್ಕು ಜನ ನಗುತ್ತಿದ್ದರು, ಭಾಲ್ಕಿಗೆ ಸುದ್ದಿ ಮುಟ್ಟುತ್ತಿತ್ತು... ಅಷ್ಟೇ. ಅಷ್ಟಕ್ಕೆ ಹೆದರಿದೆ.

"ಕಳಿಸಿದ್ದೆ" ಎಂದೆ.

ಉಸ್ತಾದರ ಮುಖ ಬಾಡಿತು. ಮಾಣಿಕಪ್ಪ ಬಾರದೇ ಇದ್ದುದನ್ನು ಅವರು ಕ್ಷಮಿಸುತ್ತಿದ್ದರೇನೋ, ಸುಳ್ಳನ್ನು ಕ್ಷಮಿಸುವವರಲ್ಲ. ಐದನೇ ನಂಬರನ್ನು ಎತ್ತಿಡುವುದೆಂದು ಠರಾವಾಯಿತು. ಠರಾವನ್ನು ಬರೆದವನೂ ನಾನೇ. ಮಾಣಿಕಪ್ಪ, ಕಾಲು ತಿರುಚಿ ಬಿದ್ದ ದಿನ ಮೈಮೇಲಿದ್ದ ಏಳರ ಅಂಗಿಯನ್ನು ಗಂಟಿನೊಳಗಿಂದ ತೆಗೆದು, ಮಡಿಕೆ ಸರಿಮಾಡಿ, ಚಾಪೆಯ ಮೇಲಿಟ್ಟು, ಎಲ್ಲರಿಗೂ ಶರಣು ಹೇಳಿ, ಕುಂಟುತ್ತ ಹೊರಟ. ಮುಂದಿನ ಶುಕ್ರವಾರ ಅದನ್ನು ಇನ್ನೊಬ್ಬ ತೊಟ್ಟ.

ಉಸ್ತಾದರು ತೀರಿಕೊಂಡು ನಾಲ್ಕು ವರ್ಷವಾಯಿತು. ಕೊನೆಗಾಲದಲ್ಲಿ ದಿನವೂ ನೋಡಲು ಹೋಗುತ್ತಿದ್ದೆ, ದಿನವೂ ಹೇಳಬೇಕೆಂದುಕೊಳ್ಳುತ್ತಿದ್ದೆ. ಒಂದು ದಿನ ಅವರಾಗಿಯೇ, "ಆ ಡಾಬಕಾದವ ಝೂಟ್ ಯಾಕ ಹೇಳಿದನೋ, ತಿಳೀಲಿಲ್ಲ ನನಗ" ಎಂದರು. ನಾನು ಅವರ ದಿಂಬು ಸರಿಮಾಡಿದೆ. ಅಷ್ಟೇ ಮಾಡಿದೆ. ಅವರು ಹಾಗೆಯೇ ನಂಬಿಕೊಂಡು ಹೋದರು. ಇದನ್ನು ಇನ್ನು ಯಾರೂ ಸರಿಪಡಿಸಲಾರರು.

ಈ ಸಲ ಮಂಡಳಿಯವರು ಮೂರನೇ ಬಾರಿ ಬಂದು ಹೋದ ಮರುದಿನ ರಜೆ ಹಾಕಿ ಡಾಬಕಾಕ್ಕೆ ಹೋದೆ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆ ಕಡೆ ಹಾಯದವನು. ಔರಾದಿನವರೆಗೆ ಮೋಟಾರು, ಮುಂದೆ ಗಾಡಿ. ಮಾಣಿಕಪ್ಪ ಹೊಲದಲ್ಲಿ ಕೊಯ್ದ ತೊಗರಿ ಕಟ್ಟುತ್ತಿದ್ದ. ಗುರುತು ಹಿಡಿದು, ಬದುವಿನ ಮೇಲೆ ಹೆಗಲ ವಲ್ಲಿ ಹಾಸಿ, "ಬರ್ರಿ ಮಾಸ್ತರ್, ಕೂಡ್ರಿ" ಎಂದ. ನಾನು ಕೂಡದೆ, ನಿಂತೇ ಎಲ್ಲ ಹೇಳಿದೆ. ಚೀಟಿ ಜೇಬಿನಲ್ಲೇ ಇದ್ದುದು, ರಸೂಲ್ ಸಾಬನಿಗೆ ಇಲ್ಲ ಎಂದುದು, ಎಲ್ಲ. ಅವನು ಕಟ್ಟು ಬಿಗಿಯುತ್ತಲೇ ಕೇಳಿದ.

"ಗೊತ್ತದರಿ" ಎಂದ.

"ಏನು ಗೊತ್ತು?"

"ಮುಂದಿನ ಸಂತಿಗೇ ರಸೂಲ್ ಸಾಬ ಹೇಳಿದ್ದ. ಈ ಸಲ ಚೀಟಿ ಇಲ್ಲಂದ್ರು ಮಾಸ್ತರ್ ಅಂತ."

ಅಂದರೆ ಆ ಪಡಸಾಲೆಯಲ್ಲಿ ನಾನು ಕಳಿಸಿದ್ದೆ ಎಂದಾಗ ಅವನಿಗೆ ಗೊತ್ತಿತ್ತು. ಮೂರು ವರ್ಷ ನನ್ನ ಚೀಟಿ ಬಂದಾಗೆಲ್ಲ, ಗೊತ್ತಿದ್ದೂ, ಎರಡು ದಿನ ನಡೆದು ಬರುತ್ತಿದ್ದ. "ಅಲ್ಲೇ ಯಾಕ ಹೇಳಲಿಲ್ಲೋ ಮಾಣಿಕಪ್ಪ?" ಎಂದು ಕೇಳಿದೆ. ಕೇಳಿದ್ದು ಹೇಗಿತ್ತೆಂದರೆ, ತಪ್ಪು ಅವನದೇ ಎಂಬಂತೆ.

"ಹೇಳಿದ್ರ ರಸೂಲ್ ಸಾಬನ್ನ ಕರಸ್ತಿದ್ರಿ. ಬಳಿ ಮಾರವನ ಮಾತು, ಕೂಲಿಯವನ ಮಾತು ಒಂದ್ ಕಡಿ. ಸಾಲಿ ಮಾಸ್ತರ್ ಮಾತು ಒಂದ್ ಕಡಿ. ಯಾರದು ನಿಲ್ತಿತ್ತರಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವs ಹೇಳ್ತೀರಿ ಅಂತ ಕಾದೆ."

ನಾನು ಅವನ ಕೈ ಹಿಡಿಯಲು ಹೋದೆ. ಅವನು ಕೈ ಕೊಡದೆ ಇನ್ನೊಂದು ಕಟ್ಟಿಗೆ ಬಾಗಿದ.

"ನನಗ್ಯಾಕ ಹೇಳ್ತೀರಿ ಮಾಸ್ತರ್, ಗೊತ್ತಿದ್ದವನಿಗಿ? ಗೊತ್ತಿಲ್ಲದವರಿಗಿ ಹೇಳ್ರಿ."

ಉಣ್ಣಲು ಕರೆದ. ನಾನು ಉಣ್ಣದೆ ಬಂದೆ.

ಮೊದಲು ಹೆಂಡತಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. "ನಮ್ಮ ಅಣ್ಣಂದಿರಿಗಿ ಚೆಂಡಿನ ಆಟ ತಿಳೀತಿದ್ದಿಲ್ರಿ" ಎಂದಳು.

ಶುಕ್ರವಾರ ಮೈದಾನಕ್ಕೆ ಹೋದೆ. ಆಟಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಹೇಳತೊಡಗಿದೆ. ಹುಡುಗರು ಮರ್ಯಾದೆಯಿಂದ ಕೇಳಿದರು — ಸ್ವಲ್ಪ ಹೊತ್ತು. ನಾನು ಇನ್ನೂ ರಸೂಲ್ ಸಾಬನ ಹತ್ತಿರವೇ ಇದ್ದೆ, ಈಗಿನ ಕಪ್ತಾನ ನನ್ನ ಹೆಗಲು ಮುಟ್ಟಿದ.

"ಹಳೀ ಮಾತು ಬಿಡ್ರಿ ಮಾಸ್ತರ್. ಯಾರೂ ನೆನಪು ಇಟ್ಕೊಂಡಿಲ್ಲ."

"ಅದೇ ನೋಡಪ್ಪ, ನೆನಪಿಡಬೇಕಾದ್ದು—"

"ಈಗ ಐದನೇ ನಂಬರ್ ಮಾತು ತೆಗದ್ರ ಪಾಟೀಲರ ಮಗ ಮೈದಾನ ಕೊಡಂಗಿಲ್ರಿ. ಆಟ ಎಲ್ಲಿ ಆಡೋದ್ರಿ?"

ಐದನ್ನು ಯಾರು ಕೇಳಿದರು? ಪಾಟೀಲರದು ಪಾಟೀಲರಿಗಿರಲಿ. ಒಬ್ಬನನ್ನು ಸುಳ್ಳನೆಂದು ಮಾಡಿ ಕಳಿಸಿದ್ದೇವೆ, ಅವನು ಸುಳ್ಳನಲ್ಲ — ಇಷ್ಟನ್ನು ಕೇಳಲು ಹನ್ನೊಂದು ಜನರಿಗೆ ಬಿಡುವಿಲ್ಲ. ಕರೆದಾಗೆಲ್ಲ ಬಂದವನು ಯಾರು ಎಂದು ಉಸ್ತಾದರು ಕೇಳಿದ್ದನ್ನು ಹೇಳಿದೆ. "ಹೌದ್ರಿ, ಖರೇ ಅದರಿ" ಎಂದು ಚೆಂಡಿಗೆ ಗಾಳಿ ತುಂಬಿದರು.

ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ. ಕೇಳುವವರಿದ್ದಾಗ ಹೇಳಲಿಲ್ಲ. ಒಂದು ಮಾತಿಗೆ ತೂಕವಿದ್ದ ದಿನ ಅದನ್ನು ಬಾಯಲ್ಲೇ ಇಟ್ಟುಕೊಂಡವನು ಈಗ ತೂಕ ಮಾಡಿ ನೋಡಿ ಎಂದು ಬೀದಿಯಲ್ಲಿ ನಿಂತರೆ ಯಾರು ನಿಲ್ಲುತ್ತಾರೆ? ಆದರೂ ಸಿಟ್ಟು ಬರುತ್ತದೆ. ಅವರ ಮೇಲೋ, ನನ್ನ ಮೇಲೋ — ಬಿಡಿಸಿ ಹೇಳಲಾರೆ.

ಸಾಯಗಾಂವದವರಿಗೂ ಭಾಲ್ಕಿಯವರಿಗೂ ನನ್ನ ಉತ್ತರವನ್ನು ಬರೆದು ಕೊಟ್ಟಿದ್ದೇನೆ. ಯಾವ ನಂಬರಿನ ಬಗ್ಗೆಯೂ ಅಭಿಪ್ರಾಯ ಹೇಳಲು ನಾನು ಲಾಯಕ್ ಅಲ್ಲ, ಯಾಕೆಂದರೆ ಹೀಗೆ ಹೀಗೆ ಮಾಡಿದವನು ನಾನು ಎಂದು. ಓದಿದರೋ ಇಲ್ಲವೋ, ಮನೆಗೆ ಬರುವುದನ್ನಂತೂ ನಿಲ್ಲಿಸಿದ್ದಾರೆ.

ನಾನು ಪ್ರತಿ ಶುಕ್ರವಾರ ಹೋಗುತ್ತಿದ್ದೇನೆ. ಈಚೆಗೆ ನಾನು ಕೋಟೆಯ ಮಗ್ಗುಲಲ್ಲಿ ಬರುವುದು ಕಂಡರೆ ಅವರು ಆಟವನ್ನು ಹೊತ್ತಿಗೆ ಮುಂಚೆಯೇ ಶುರುಮಾಡುತ್ತಾರೆ. ಮಾಡಲಿ. ಗೆರೆಯ ಆಚೆ ಕೂತು ಮುಗಿಯುವವರೆಗೂ ಕಾಯುತ್ತೇನೆ. ಮುಗಿದ ಮೇಲೆ ದಣಿದು ನೆಲಕ್ಕೆ ಕೂಡುತ್ತಾರಲ್ಲ, ಆಗ ಎದ್ದು ಹೋಗುವ ಶಕ್ತಿ ಯಾರಿಗೂ ಇರುವುದಿಲ್ಲ. ಆಗ ಹೇಳುತ್ತೇನೆ.