ಸೋಮವಾರದ ಒಪ್ಪತ್ತು

ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಓಡುತ್ತಿದ್ದ ಆ ಹುಡುಗ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡನೋ ಇಲ್ಲವೋ ಎಂಬುದು ನನಗೆ ಖಚಿತವಿಲ್ಲ. ತೆಗೆದುಕೊಂಡಂತೆ ನೆನಪಿದೆ. ಬಾಟಲಿಯಲ್ಲಿದ್ದದ್ದು ನಾನೇ ಕಾಯಿಸಿದ ರಾಗಿ ಅಂಬಲಿ. ಅವನು ಅದನ್ನು ಕುಡಿಯಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದರೆ, ಆ ಆಸೆಯನ್ನೇ ಆಮೇಲೆ ನೆನಪು ಎಂದು ತಿಳಿದುಕೊಂಡಿರಬಹುದು.

ನೆನಪನ್ನು ನಂಬದಿರುವುದು ಕೆಲಸದಿಂದ ಅಂಟಿದ ಚಾಳಿ. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಜಗತ್ತಿನ ಬಡತನ ಹೋಗಲಾಡಿಸಲು ಹೊರಟಿದ್ದ ಒಂದು ಸಂಸ್ಥೆ ಸೇರಿದ್ದೆ. ಹಣ ಹೊರದೇಶದ್ದು, ಪ್ರಶ್ನೆಗಳೂ ಅಲ್ಲಿಯವೇ. ನನ್ನ ಪಾಲಿಗೆ ಬಂದದ್ದು ಅರಸೀಕೆರೆ ತಾಲ್ಲೂಕು. ಮನೆಮನೆಗೆ ಹೋಗಿ, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದಿರಿ ಎಂದು ಕೇಳಬೇಕು. ಜನ ಸುಳ್ಳು ಹೇಳುತ್ತಿದ್ದರು ಎಂದು ನನಗೆ ಅನ್ನಿಸಿಲ್ಲ. ಮನೆಯಲ್ಲಿ ಸಾಮಾನ್ಯವಾಗಿ ಏನಿರಬೇಕೋ ಅದನ್ನೇ ನಿನ್ನೆಯೂ ತಿಂದೆವು ಎಂದು ಅವರೇ ನಂಬಿರುತ್ತಿದ್ದರು. ಸಾರಿಗೆ ಬೇಳೆ ಹಾಕಿದ್ದಿರಾ ಎಂದರೆ ಹಾಕಿದ್ದೆವು ಎನ್ನುತ್ತಿದ್ದರು. ಎಷ್ಟು ಎಂದರೆ ನಗುತ್ತಿದ್ದರು.

ರೈಲ್ವೆ ಸ್ಟೇಷನ್ನಿನ ಹಿಂದೆ ಬಾಡಿಗೆ ಕೋಣೆ ಹಿಡಿದಿದ್ದೆ. ಊರಿನಲ್ಲಿ ನನ್ನವರೆಂದು ಯಾರೂ ಇರಲಿಲ್ಲ. ಕಾಲೇಜು ದಿನಗಳಿಂದ ದೂರದ ಓಟದ ಹುಚ್ಚು. ಅದಕ್ಕೆ ತಕ್ಕ ಊಟ ಮಾಡಬೇಕೆಂಬ ಹಟವೂ ಇತ್ತು. ಹುರುಳಿಕಾಳು ನೆನೆಹಾಕಿ ಮೊಳಕೆ ಬರಿಸುವುದು, ಕಡಲೆಕಾಯಿ ಬೇಯಿಸುವುದು, ರಾಗಿ ಹುರಿಹಿಟ್ಟು ಕಲಸುವುದು. ದಿನವಿಡೀ ಊರವರ ಊಟದ ವಿಚಾರ ಕೇಳಿ ಬಂದು, ಸಂಜೆ ಕಿಟಕಿಯ ಬಳಿ ಒಬ್ಬನೇ ತಟ್ಟೆ ಹಿಡಿದು ಕೂರುತ್ತಿದ್ದೆ. ಯಾವ ಗಾಡಿ ಎಷ್ಟು ತಡವಾಗಿದೆ ಎಂದು ಸ್ಟೇಷನ್ನಿನ ಮೈಕು ಹೇಳುತ್ತಿತ್ತು. ಎಷ್ಟೋ ಸಂಜೆ ಆ ಕೋಣೆಯಲ್ಲಿ ಕೇಳಿಸಿದ ಮನುಷ್ಯರ ದನಿ ಅದೊಂದೇ.

ಬೆಳಿಗ್ಗೆ ನಾನು ಓಡಲು ಹೋಗುತ್ತಿದ್ದ ಕಾಲೇಜು ಮೈದಾನದಲ್ಲಿ ಮಾತ್ರ ಅವನು ಸಿಗುತ್ತಿದ್ದ. ಡಿಗ್ರಿ ಕೊನೆಯ ವರ್ಷದಲ್ಲಿದ್ದ ಹುಡುಗ, ಕಣಕಟ್ಟೆ ಕಡೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ. ಮನೆಯಲ್ಲಿ ಅವನು ಮತ್ತು ತಾಯಿ ಇಬ್ಬರೇ. ತಾಯಿ ಕೊಬ್ಬರಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದರು. ಓಟದಲ್ಲಿ ನಾನು ಅವನ ಹತ್ತಿರಕ್ಕೂ ಬರುತ್ತಿರಲಿಲ್ಲ. ಓಡಿ ಮುಗಿದ ಮೇಲೆ ನನ್ನ ಡಬ್ಬಿ ತೆರೆದು ಅವನ ಮುಂದೆ ಹಿಡಿಯುತ್ತಿದ್ದೆ.

"ಏನ್ ಸಾರ್ ಇದು, ಹುಳ್ಳಿಕಾಳು? ಕುದ್ರೆ ತಿನ್ನೋದಲ್ವಾ?"

"ಅದಕ್ಕೇ ಕಣೋ ಕುದುರೆ ಓಡೋದು."

"ನಮ್ಮೂರಲ್ಲಿ ಎತ್ಗೂ ಇದನ್ನೇ ಇಡ್ತಾರೆ. ಅವು ತಿಂದು ಮಲ್ಗೇ ಇರ್ತವೆ."

ತಮಾಷೆ ಮಾಡಿಕೊಂಡೇ ಒಂದು ಹಿಡಿ ತೆಗೆದುಕೊಳ್ಳುತ್ತಿದ್ದ. ಸೋಮವಾರ ಮಾತ್ರ ಮುಟ್ಟುತ್ತಿರಲಿಲ್ಲ. ಶಿವನ ವಾರ, ಒಪ್ಪತ್ತು ಎನ್ನುತ್ತಿದ್ದ. ಅಂದು ರಾತ್ರಿಯದೊಂದೇ ಊಟ. ಆಮೇಲಾಮೇಲೆ ಗುರುವಾರವೂ ಸೇರಿತು, ಮಠದ ಗುರುಗಳ ಹೆಸರಿನಲ್ಲಿ. ಒಂದು ಶನಿವಾರ ಹನುಮಂತನ ಹೆಸರು ಬಂತು. ಕೊಬ್ಬರಿ ಕೆಲಸ ಕಡಿಮೆಯಿದ್ದ ವಾರಗಳಲ್ಲಿ ದೇವರುಗಳು ಹೆಚ್ಚಾಗುತ್ತಿದ್ದರು ಎಂದು ಈಗ ನನಗೆ ತೋರುತ್ತದೆ. ಆದರೆ ಹೀಗೆ ಒಂದಕ್ಕೊಂದು ಕೂಡಿಸಿ ನೋಡುವುದು ಆಮೇಲೆ ಬಂದ ಬುದ್ಧಿ. ಆ ವಾರಗಳಲ್ಲಿ ನಿಜಕ್ಕೂ ಹಾಗೆ ಇತ್ತೇ, ಹೇಳಲಾರೆ.

ಕಾಲೇಜಿನ ಪಿ.ಟಿ. ಮೇಷ್ಟ್ರು ಒಂದು ಸುದ್ದಿ ತಂದರು. ಹಳೇಬೀಡಿನಿಂದ ಬೇಲೂರಿಗೆ ರಸ್ತೆ ಓಟ ನಡೆಯಲಿದೆ, ಮೊದಲ ಮೂವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಊಟ, ವಸತಿ, ತರಬೇತಿ ಎಲ್ಲ ಅಲ್ಲೇ. ಅವನಿಗೆ ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಇದೊಂದೇ ಅವಕಾಶ. ಓಟ ನಿಗದಿಯಾಗಿದ್ದು ಸೋಮವಾರಕ್ಕೆ.

ಅದೇ ಹೊತ್ತಿಗೆ ನನ್ನ ಸರ್ವೆಯಲ್ಲಿ ಅವನ ಊರಿನ ಸರದಿ ಬಂತು, ಅವನ ಮನೆಯೂ ಬಂತು. ತಾಯಿ ಜಗಲಿಯ ಮೇಲೆ ಚಾಪೆ ಹಾಸಿದರು.

"ನೆನ್ನೆ ಒಪ್ಪತ್ತು ಕಣಪ್ಪ, ಏನ್ ಹೇಳ್ಲಿ ನಿಂಗೆ."

"ನೆನ್ನೆ ಮಂಗಳವಾರ ಅಲ್ವಾ ಅಮ್ಮ?"

"ಮಂಗ್ಳಾರ ಅಮ್ಮನೋರ್ದು. ಅದ್ನೂ ಹಿಡ್ಕಂಡಿವಿ."

ಹಬ್ಬ, ವ್ರತದ ದಿನಗಳ ಊಟ ಲೆಕ್ಕಕ್ಕೆ ಬೇಡ ಎಂಬುದು ನಮಗಿದ್ದ ಸೂಚನೆ. ಟ್ಯಾಬಿನಲ್ಲಿ 'ವ್ರತ' ಎಂದು ಒತ್ತಿದರೆ ಉಳಿದ ಪ್ರಶ್ನೆಗಳೆಲ್ಲ ತಾವಾಗಿಯೇ ಮುಚ್ಚಿಕೊಂಡು, ಕೊನೆಗೆ ಧನ್ಯವಾದಗಳು ಎಂದು ಬರುತ್ತಿತ್ತು. ಒತ್ತಿದೆ. ಹಾಗೇ ಕಳಿಸಬಾರದೆಂದು ಆಕೆ ಒಂದು ಚೂರು ಕೊಬ್ಬರಿ, ಬೆಲ್ಲ ತಂದು ಕೈಗಿಟ್ಟರು. ಅವರ ಎದುರಿಗೇ ತಿಂದೆ, ತಿನ್ನದಿದ್ದರೆ ಬೇಸರಪಡುತ್ತಿದ್ದರು.

ಮರುದಿನ ಮೈದಾನದಲ್ಲಿ ಅವನನ್ನು ನೇರವಾಗಿ ಕೇಳಿದೆ. "ಮನೇಲಿ ಅಡುಗೆ ಆಗಿತ್ತೇನೋ ಮೊನ್ನೆ?"

ಅವನು ಶೂ ದಾರ ಬಿಗಿಯುತ್ತಲೇ, "ಇದು ಸರ್ವೇನಾ ಸಾರ್, ಇಲ್ಲ ನೀವೇ ಕೇಳ್ತಿರೋದಾ?" ಎಂದ.

"ನಾನೇ."

"ಹಂಗಾದ್ರೆ ನಾನೂ ಒಂದ್ ಕೇಳ್ತೀನಿ. ದಿನಾ ಒಬ್ರೇ ಕೂತು ಉಣ್ತೀರಲ್ಲ, ಅದ್ನ ಯಾರ್ ಬರ್ಕತಾರೆ?"

ನಗುತ್ತಲೇ ಕೇಳಿದ, ಉತ್ತರಕ್ಕೆ ಕಾಯದೆ ಓಡಿದ. ಆ ಸಂಜೆ ಮೈಕಿನ ದನಿ ಕೇಳಬಾರದೆಂದು ಕಿಟಕಿ ಮುಚ್ಚಿಕೊಂಡು ಊಟ ಮಾಡಿದೆ. ಆಗಲೂ ಕೇಳಿಸಿತು.

ಆ ಸೋಮವಾರ ಬೆಳಿಗ್ಗೆ ಹಳೇಬೀಡಿನ ದೇವಸ್ಥಾನದ ಮುಂದೆ ಓಟಗಾರರೆಲ್ಲ ಬಾಳೆಹಣ್ಣು ಸುಲಿಯುತ್ತ ನಿಂತಿದ್ದರು. ನಾನು ಬೇಯಿಸಿದ ಗೆಣಸು, ಅಂಬಲಿ ಒಯ್ದಿದ್ದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ಸೋಮ್ವಾರ ಸಾರ್."

ಮೇಷ್ಟ್ರಿಗೆ ರೇಗಿತು. "ಏನ್ಲಾ, ಶಿವ ಬಂದು ನಿನ್ ಜೊತೆ ಓಡ್ತಾನೇನ್ಲಾ?"

"ಓಡಲ್ಲ ಸಾರ್. ಬೇಲೂರಲ್ಲಿ ಕಾಯ್ತಿರ್ತಾನೆ."

"ಬೇಲೂರಲ್ಲಿರೋನು ಚೆನ್ನಕೇಶವ ಕಣ್ಲಾ! ನಿನ್ ಶಿವ ಇಲ್ಲೇ ಹಿಂದೆ ಉಳ್ಕಂಡ."

"ಇನ್ನೂ ಒಳ್ಳೇದಾಯ್ತು. ಅಲ್ಲಿ ಹೋಗಿ ತಿಂತೀನಿ ಬಿಡಿ, ನೋಡೋರಿರಲ್ಲ."

ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ವ್ರತವೇ ಆಗಿದ್ದರೆ ನಾನು ವಾದಿಸಬಹುದಿತ್ತು. ವಾದ ನನಗೆ ಬರುತ್ತದೆ. ತನ್ನದೆಂದು ಒಂದು ಬಾಳೆಹಣ್ಣೂ ತರಲಾಗದವನು ಇಷ್ಟು ಜನರೆದುರು ಇನ್ನೊಬ್ಬರ ಡಬ್ಬಿಗೆ ಕೈಹಾಕಲು ಒಲ್ಲದೆ ಹಾಗೆ ಹೇಳುತ್ತಿದ್ದರೆ, ಅಲ್ಲಿ ವಾದ ನಡೆಯುತ್ತಿರಲಿಲ್ಲ. ಎರಡೂ ಒಟ್ಟಿಗೇ ನಿಜವಿರಬಹುದು ಎಂಬುದು ಆಗ ಹೊಳೆಯಲಿಲ್ಲ.

ಮೇಷ್ಟ್ರ ಬೈಕಿನ ಹಿಂದೆ ಕೂತು, ಬಾಟಲಿ ಹಿಡಿದು, ಅವನ ಮುಂದೆ ಸಾಗಿದೆ. ಅರ್ಧ ದಾರಿ ಕಳೆದ ಮೇಲೆ ಅವನ ಹೆಜ್ಜೆ ಕುಗ್ಗಿತು, ತುಟಿ ಬೆಳ್ಳಗಾಗಿತ್ತು. ಮೂರನೆಯವನಾಗಿ ಓಡುತ್ತಿದ್ದವನನ್ನು ಹಿಂದಿನಿಂದ ಒಬ್ಬ ಹಿಡಿಯುವಂತಿದ್ದ. ಕೈ ಚಾಚಿದೆ. ಇಲ್ಲಿಂದ ಮುಂದೆ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ಅವನು ಬಾಟಲಿ ಕಿತ್ತುಕೊಂಡು ಕುಡಿಯುತ್ತಾನೆ, ಅಂಬಲಿ ಎದೆಯ ಮೇಲೆ ಚೆಲ್ಲುತ್ತದೆ. ಇನ್ನೊಂದರಲ್ಲಿ ನನ್ನ ಕೈ ಹಾಗೇ ಚಾಚಿಕೊಂಡಿರುತ್ತದೆ, ಅವನು ರಸ್ತೆ ನೋಡುತ್ತ ದಾಟಿಹೋಗುತ್ತಾನೆ. ಮೇಷ್ಟ್ರನ್ನು ಕೇಳಿದರೆ, "ನಾನು ಗಾಡಿ ಓಡಿಸ್ತಿದ್ದೆ ಕಣ್ರೀ, ಹಿಂದೆ ಏನಾಯ್ತೋ ನಂಗೇನ್ ಗೊತ್ತು" ಎನ್ನುತ್ತಾರೆ. ಅವನನ್ನು ಕೇಳಲು ಮನಸ್ಸು ಬರಲಿಲ್ಲ.

ಮೂರನೆಯವನಾಗಿಯೇ ಅವನು ಬೇಲೂರು ಮುಟ್ಟಿದ. ಹಾಸ್ಟೆಲು ಸಿಕ್ಕಿತು.

ಅವನು ಹೋದ ಮೇಲೆ ಮೈದಾನದಲ್ಲಿ ಒಬ್ಬನೇ ಓಡುತ್ತಿದ್ದೆ. ಎರಡು ಪಾಲು ಹುರುಳಿಕಾಳು ನೆನೆಹಾಕುವ ಅಭ್ಯಾಸ ಕೆಲವು ವಾರ ಹಾಗೇ ಉಳಿಯಿತು. ಮಿಕ್ಕಿದ್ದನ್ನು ರಾತ್ರಿಗೆ ತಿನ್ನುತ್ತಿದ್ದೆ. ಸರ್ವೆ ಮುಗಿದು ವರದಿ ಬಂತು. ಅವನ ಮನೆ ಅದರಲ್ಲಿ ಹಸಿದವರ ಕಡೆಗೂ ಇರಲಿಲ್ಲ, ಉಂಡವರ ಕಡೆಗೂ ಇರಲಿಲ್ಲ.

ಮರುವರ್ಷ ಬೇರೊಂದು ಕೆಲಸಕ್ಕೆ ಆ ಹಾಸ್ಟೆಲಿನ ಊರಿಗೆ ಹೋಗಬೇಕಾಯಿತು. ಬೇಕೆಂದೇ ಸೋಮವಾರ ಹೋದೆ. ಅಡುಗೆಯವರನ್ನು ಕೇಳಿದಾಗ, "ಅವನಾ? ಯಾವ ಹೊತ್ತೂ ತಪ್ಪಿಸಲ್ಲ ಬಿಡಿ" ಎಂದರು. ಒಬ್ಬರ ಮಾತನ್ನು ನಂಬಿ ಹಿಂದಿರುಗುವವನಲ್ಲ ನಾನು. ಊಟದ ಗಂಟೆಯವರೆಗೆ ಹೊರಗೆ ಬೇವಿನ ಮರದ ಕೆಳಗೆ ಕಾದೆ. ಹುಡುಗರು ಗದ್ದಲ ಮಾಡುತ್ತ ಒಳಗೆ ಹೋದರು, ಅವನೂ ಹೋದ. ಬಾಗಿಲವರೆಗೆ ಹೋಗಿ ನಿಂತುಬಿಟ್ಟೆ. ನನ್ನನ್ನು ಕಂಡರೆ ಇಂದು ಸೋಮವಾರವೆಂಬುದು ನೆನಪಾಗಿ ಅವನ ಕೈ ತಡೆಯಬಹುದು ಅನ್ನಿಸಿತು. ಮಾತಾಡಿಸದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಆದರೆ ಬಾಗಿಲಿನಿಂದ ನೋಡಿದ್ದೇನೆ. ಸೋಮವಾರ, ಮಧ್ಯಾಹ್ನ. ಅವನು ಸಾಲಿನ ನಡುವೆ ಕೂತು ಒಂದು ಮುದ್ದೆ ಮುಗಿಸಿ, ಇನ್ನೊಂದು ಹಾಕಿಸಿಕೊಂಡ.